ಮೋಟಾರಿನ ರೇಡಿಯೇಟರನ್ನು ಮನೆಯಲ್ಲಿ ತೆಗೆದು ತೊಳೆಯುವ ಕ್ರಮ

ಬೈಲಹೊಂಗಲದ ಸೀಮೆಯು ಹತ್ತಿಗೆ ಹೆಸರಾದುದು. ಅಲ್ಲಿಯ ಎರೆಮಣ್ಣಿನ ಧೂಳು, ಹತ್ತಿಯ ಎಳೆ, ಸುಗ್ಗಿಯಲ್ಲಿ ಹಾರುವ ಜೋಳದ ಹೊಟ್ಟು, ಇವೆಲ್ಲ ಓಡುವ ಮೋಟಾರಿನ ಮುಂಭಾಗದೊಳಗೆ ಸೇರಿಕೊಳ್ಳುತ್ತವೆ. ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಏರುವಾಗ ತುಂಬಿದ ಗಾಡಿಯ ಇಂಜಿನು ಕುದಿಯಹತ್ತಿದರೆ, ಕಾರಣವನ್ನು ಮೊದಲು ಅಲ್ಲಿಯೇ ಹುಡುಕಬೇಕು. ಹೆಣ್ಣುಮಕ್ಕಳಿಗೆ ಈ ವಿಷಯವೇಕೆಂದು ಕೇಳುವವರುಂಟು. ಗಾಡಿಯನ್ನು ನಡೆಸುವವಳಿಗೆ ಅದರ ಒಳಗೂ ತಿಳಿದಿರಬೇಡವೆ?

ರೇಡಿಯೇಟರೆಂದರೆ ತೆಳುವಾದ ಕೊಳವೆಗಳ ಸಾಲು. ಅವುಗಳ ನಡುವೆ ಕಾಗದದಂಥ ಲೋಹದ ರೆಕ್ಕೆಗಳು. ಇಂಜಿನಿನ ಉಷ್ಣವನ್ನು ಹೊತ್ತ ನೀರು ಕೊಳವೆಗಳಲ್ಲಿ ಹರಿಯುವಾಗ, ರೆಕ್ಕೆಗಳ ಸಂದಿನಲ್ಲಿ ನುಗ್ಗುವ ಗಾಳಿಯು ಆ ಉಷ್ಣವನ್ನು ಒಯ್ಯುತ್ತದೆ. ಹೊರಗೆ ಸಂದು ಕಟ್ಟಿದರೆ ಗಾಳಿಯಿಲ್ಲ. ಒಳಗೆ ಕೊಳವೆ ಕಟ್ಟಿದರೆ ನೀರಿಲ್ಲ. ಒಳಗೆ ಕಟ್ಟುವ ಬಗೆಯನ್ನು ಬಚ್ಚಲಮನೆಯ ಹಂಡೆಯೇ ತೋರಿಸುವದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದ ಅಂಶವು ಬೇರ್ಪಟ್ಟು ಬಿಳಿಯ ಪದರಾಗಿ ಹತ್ತುವದಷ್ಟೆ? ಶಾಲೆಯಲ್ಲಿ ಈ ಪಾಠವನ್ನು ಓದಿದವರು ಗಾಡಿಗೆ ಕೊಳವೆಬಾವಿಯ ನೀರನ್ನು ಹೊಯ್ಯಲಾರರು.

ಬಿಸಿಯಾದ ಇಂಜಿನಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗೆ ಒತ್ತಡವಿರುವದರಿಂದ ನೀರು 100 ಅಂಶ ಸೆಲ್ಸಿಯಸ್ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳವು ಸಡಿಲಾದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುವದು. ಆದುದರಿಂದ ರಾತ್ರಿ ಸಮನೆಲದ ಮೇಲೆ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ ಕೆಲಸ ಹಿಡಿಯತಕ್ಕದ್ದು. ವಿದ್ಯುತ್ ಪಂಖಾ ತಾನಾಗಿ ತಿರುಗದಂತೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.

ಅಡಿಗೆಗೆ ಮತ್ತೆ ಬಳಸದ ಹಳೆಯ ಪರಾತವನ್ನು ಕೆಳಗಿಟ್ಟು ಕೂಲಂಟನ್ನು ಇಳಿಸಿ, ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಡಬೇಕು. ಅದು ಸಿಹಿಯಾದ ವಿಷ. ಮಕ್ಕಳೂ ನಾಯಿಗಳೂ ನೆಕ್ಕಿಯಾರು. ಬಳಿಕ ಮೇಲಿನ ಮತ್ತು ಕೆಳಗಿನ ರಬ್ಬರ ನಳಿಗೆಗಳನ್ನೂ ಪಂಖಾದ ಚೌಕಟ್ಟನ್ನೂ ಬಿಡಿಸಿ, ರೇಡಿಯೇಟರನ್ನು ನೆಟ್ಟಗೆ ಮೇಲಕ್ಕೆತ್ತಬೇಕು. ಅದರ ಮುಂದಿರುವ ಏ.ಸಿ. ಕಂಡೆನ್ಸರಿನ ನಳಿಗೆಗಳನ್ನು ಬಿಚ್ಚಲಾಗದು. ಅಲ್ಲಿಯ ಅನಿಲವು ಒತ್ತಡದಲ್ಲಿರುತ್ತದೆ. ಇವೆರಡೂ ಒಂದಕ್ಕೊಂದು ಬಿಗಿದಿದ್ದರೆ, ಇಲ್ಲವೆ ಸ್ವಯಂಚಾಲಿತ ಗೇರಿನ ಎಣ್ಣೆಯ ನಳಿಗೆಗಳು ರೇಡಿಯೇಟರಿಗೆ ಬಂದಿದ್ದರೆ, ಮೇಸ್ತ್ರಿಗೆ ಬಿಡುವದೇ ಲೇಸು.

ಎರಡರ ನಡುವೆ ಕಂಬಳಿಯಂತೆ ಕುಳಿತ ಅರಳೆಯನ್ನು ತೆಗೆಯುವದಕ್ಕಾಗಿಯೇ ಇಷ್ಟೆಲ್ಲ ಶ್ರಮ. ಒಳಗಷ್ಟೇ ತೊಳೆಯುವದಿದ್ದರೆ ರೇಡಿಯೇಟರನ್ನು ಕಳಚುವ ಅವಶ್ಯವೇ ಇಲ್ಲ. ನೀರನ್ನು ಪಂಖಾದ ಕಡೆಯಿಂದ ಮುಂದಕ್ಕೆ ಮೆಲ್ಲಗೆ ಬಿಡಬೇಕು. ಜೋರಾದ ಧಾರೆಗೂ ತಂತಿಯ ಬ್ರಶ್ಶಿಗೂ ರೆಕ್ಕೆಗಳು ಮಡಚುತ್ತವೆ. ಒಳಗನ್ನು ತೊಳೆಯಲು ಕೆಳಗಿನ ಬಾಯಿಂದ ಹಾಕಿದ ನೀರು ಮೇಲಿನ ಬಾಯಿಂದ ತಿಳಿಯಾಗಿ ಬರುವ ತನಕ ಹರಿಸಬೇಕು. ಹಿಂದಿನ ರೇಡಿಯೇಟರುಗಳು ತಾಮ್ರ, ಹಿತ್ತಾಳೆಗಳವು. ಈಗಿನವು ಬಹುತೇಕ ಅಲ್ಯುಮಿನಿಯಮ್ಮಿನವಾದ್ದರಿಂದ ಕಾಸ್ಟಿಕ್ ಸೋಡಾ ಅವನ್ನು ತಿಂದುಬಿಡುವದು.

ಮತ್ತೆ ಜೋಡಿಸಿ, ಗಾಡಿಯ ಪುಸ್ತಕವು ಹೇಳಿದ ಕೂಲಂಟನ್ನು ಭಟ್ಟಿಯಿಳಿಸಿದ ನೀರಿನೊಡನೆ ಬೆರೆಸಿ ತುಂಬಬೇಕು. ರಾಮದುರ್ಗಕ್ಕೋ ಕಿತ್ತೂರಿಗೋ ಹೊರಡುವ ಮುನ್ನ ಊರೊಳಗೆ ಒಂದು ಸುತ್ತು ಹಾಕಿ, ಇಂಜಿನು ಪೂರ್ಣ ತಣಿದ ಮೇಲೆ ಮಟ್ಟವು ಇಳಿದಿದ್ದರೆ ತುಂಬಿ, ನೆಲದ ಮೇಲೆ ಹನಿ ಬಿದ್ದಿದೆಯೋ ಎಂದು ಬಗ್ಗಿ ನೋಡತಕ್ಕದ್ದು.