ಪ್ರಾಸ್ಟೇಟ್ ಕುಗ್ಗಿಸುವ ‘ವಿಷದ ಸೂಜಿ’: ಇಲಿಯಲ್ಲಿ ಕಂಡದ್ದು, ಮನುಷ್ಯನಲ್ಲಿ ಕಾಣದ್ದು

ವುಝೂ ಮುಗಿಸಿ ಸಫ್ಫಿನಲ್ಲಿ ನಿಂತ ಮೇಲೆ ಮೂತ್ರದ ಹನಿ ಇಳಿಯಿತೇನೋ ಎಂಬ ಅನುಮಾನ. ಈ ಕಾರಣಕ್ಕೇ ಮಸೀದಿಗೆ ಹೋಗುವುದನ್ನು ಕಡಿಮೆ ಮಾಡುವ ಹಿರಿಯರಿದ್ದಾರೆ. ಮನೆಯವರಿಗೆ ಹೇಳಲು ನಾಚಿಕೆ. ಹಲವರಲ್ಲಿ ಇದರ ಮೂಲ, ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು. ಯುನಾನಿಯಲ್ಲಿ ಇದಕ್ಕೆ ಗುದ್ದಾ-ಎ-ಮಝಿ ಎಂಬ ಹೆಸರಿದೆ.

“ಒಂದೇ ಇಂಜೆಕ್ಷನಿಗೆ ಗಡ್ಡೆ ಕುಗ್ಗುತ್ತದಂತೆ, ಹೌದಾ ಹಕೀಮರೇ?” ಎಂದು ಕೆಲವರು ಕೇಳುತ್ತಾರೆ. ಈ ಮಾತಿಗೆ ಬುಡವಿಲ್ಲದೆ ಇಲ್ಲ. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ರೋಗಾಣುವೊಂದು ಬೊಟುಲಿನಂ ಎಂಬ ನರವಿಷವನ್ನು ಉಂಟುಮಾಡುತ್ತದೆ. ಅದು ನರದ ತುದಿಯಿಂದ ಸಂದೇಶ ಹೊರಡದಂತೆ ತಡೆಯುತ್ತದೆ. ಮೆಳ್ಳೆಗಣ್ಣಿಗೆ, ಮುಖದ ಸುಕ್ಕಿಗೆ ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಕೊಡುವುದುಂಟು. 1998ರಲ್ಲಿ ಸಂಶೋಧಕರು ಇದನ್ನು ಇಲಿಗಳ ಪ್ರಾಸ್ಟೇಟಿಗೆ ಚುಚ್ಚಿದ್ದನ್ನು ವರದಿ ಮಾಡಿದರು. ಗ್ರಂಥಿ ಕುಗ್ಗಿತ್ತು. ಗ್ರಂಥಿಯ ಜೀವಕೋಶಗಳಿಗೆ ಹಾರ್ಮೋನು ಮಾತ್ರ ಸಾಲದು, ನರದ ಸಂಪರ್ಕವೂ ಬೇಕು. ಅದು ಕಡಿದರೆ ಅವು ತಾವಾಗಿ ಸಾಯತೊಡಗುತ್ತವೆ.

2003ರಲ್ಲಿ ಇಟಲಿಯ ವೈದ್ಯರು 30 ರೋಗಿಗಳಲ್ಲಿ ಒಳ್ಳೆಯ ಫಲ ಕಂಡದ್ದಾಗಿ ಬರೆದರು. ಆಸೆ ಹೆಚ್ಚಿತು. ಆದರೆ 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 380 ಪುರುಷರಿದ್ದರು. ಕೆಲವರಿಗೆ ವಿಷ, ಉಳಿದವರಿಗೆ ಔಷಧವಿಲ್ಲದ ಸೂಜಿ. ಮೂರು ತಿಂಗಳಲ್ಲಿ ಎಲ್ಲರಿಗೂ ಉಪಶಮನ, ಇಬ್ಬಗೆಯವರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ! ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯೇ ರೋಗಿಗೆ ಎಷ್ಟು ಹಗುರ ತರುತ್ತದೆ ನೋಡಿ. ಅಲ್ಲದೆ ಇಲಿಯ ಗ್ರಂಥಿಯಲ್ಲಿ ಸ್ನಾಯು, ನಾರು ತೀರಾ ಕಡಿಮೆ, ನಮ್ಮದರಲ್ಲಿ ಬಹಳ. ಇಲಿಗೆ ಮುಪ್ಪಿನಲ್ಲಿ ನಮ್ಮಂತೆ ಈ ಬಾಧೆ ಬರುವುದೂ ಇಲ್ಲ.

ವಿಷವೆಂದ ಮಾತ್ರಕ್ಕೆ ನಾನು ಹೆದರುವವನಲ್ಲ. ನಮ್ಮಲ್ಲೂ ಕಾಸರಕದ ಬೀಜವನ್ನು ಶುದ್ಧಿ ಮಾಡಿ ಬಳಸುತ್ತೇವೆ. ಆದರೆ ಫಲ ಸಾಬೀತಾಗದ ಸೂಜಿಗೆ ಮನೆಯ ಹಣ ಸುರಿಯಬೇಡಿ. ಅತಿ ಚುರುಕಾದ ಮೂತ್ರಕೋಶಕ್ಕೆ ಇದೇ ಮದ್ದು ಕೊಡುತ್ತಾರೆ, ಅದು ಬೇರೆ ರೋಗ.

ಮೊದಲು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ, ಸೋಂಕು, ಕ್ಯಾನ್ಸರ್ ಕೂಡ ಹೀಗೆಯೇ ತೋರಬಹುದು. ಸದಾ ಹನಿಯುವವರಿಗೆ ಶರೀಅತಿನಲ್ಲಿ ರಿಯಾಯಿತಿ ಇದೆ, ಆಲಿಮರನ್ನು ಕೇಳಿ. ನೆಗಡಿಯ ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟಬಹುದು. ಪೂರ್ತಿ ಕಟ್ಟಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹನಿಯ ಭಯಕ್ಕೆ ದಿನವಿಡೀ ನೀರು ಬಿಡಬೇಡಿ. ಮಲಗುವ ಎರಡು ಗಂಟೆ ಮೊದಲು ನೀರು, ಚಹಾ ನಿಲ್ಲಿಸಿದರೆ ಸಾಕು.