ಶಿಬಿರದ ಸಂಜೆಗೆ ಬರೆದಿಟ್ಟ ಪ್ರಸಂಗ ಸಾಲದು

ಬೇಸಿಗೆ ರಜೆಯ ಯುವಜನ ಶಿಬಿರಗಳಲ್ಲಿ ಸಭಾಪಾಲಕನ ಹೊಣೆ ಹೊತ್ತ ಅನುಭವದಿಂದ ನಾನು ಧೈರ್ಯವಾಗಿ ಹೇಳಬಹುದಾದ ಮಾತು ಒಂದೇ: ಮನೆಯಿಂದ ಬರೆದುಕೊಂಡು ಹೋದ ಪ್ರಸಂಗ ಎರಡನೆಯ ಸಂಜೆಗೇ ಹಳಸಿರುತ್ತದೆ. ಭಾನುವಾರದ ಆರಾಧನೆಗೆ ಬರುವವರು ಕೇಳಲೆಂದೇ ಬಂದಿರುತ್ತಾರೆ, ಇಲ್ಲವೇ ಕೇಳುವವರಂತೆ ಕೂರುವುದನ್ನಾದರೂ ಕಲಿತಿರುತ್ತಾರೆ. ಶಿಬಿರದ ಮಕ್ಕಳು ಹಾಗಲ್ಲ. ಎಂಟನೇ ಕ್ಲಾಸಿನ ಹುಡುಗಿ ಕೂತ ಚಾಪೆಯ ಆಚೆಗೇ ಡಿಗ್ರಿ ಓದುವವನು ಇರುತ್ತಾನೆ. ಸಿಎಸ್‌ಐ ಮಕ್ಕಳ ನಡುವೆ ಕಥೋಲಿಕರು, ಪೆಂತೆಕೊಸ್ತ್ ಸಭೆಯವರು, ಗೆಳತಿ ಕರೆದಳೆಂದು ಜೊತೆಗೆ ಬಂದ ಹಿಂದೂ ಹುಡುಗಿ ಎಲ್ಲರೂ ಇರುತ್ತಾರೆ. ಮೊಬೈಲ್ ಕಸಿದುಕೊಂಡ ಸಿಟ್ಟಂತೂ ಸರ್ವರಿಗೂ ಸಮ. ಇವರ ಮುಂದೆ ಯುವಜನರ ಪರಿಶುದ್ಧತೆಯ ಬಗ್ಗೆ ಮೂರು ಭಾಗದ ಪ್ರಸಂಗ ಬಿಚ್ಚಿದರೆ, ಮೊದಲ ಭಾಗ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರು ಕಡ್ಡಿ ಹಿಡಿದು ಮಣ್ಣು ಗೀಚುತ್ತಿರುತ್ತಾರೆ. ಸಂಜೆ ಏನು ಮಾತಾಡಬೇಕು ಎಂಬುದನ್ನು ಆ ದಿನವೇ ಹೇಳಿಕೊಡಬೇಕು.

ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನೇ ನೋಡಿ. 2024ರಲ್ಲಿ ಅದು ಬಂದದ್ದು ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ. ಎರಡೂ ಶಿಬಿರಗಳು ನಡೆಯುವ ಕಾಲವೇ. ಶಿಬಿರದ ಮಧ್ಯೆ ಫಲಿತಾಂಶ ಬಿತ್ತೆಂದರೆ ವೇಳಾಪಟ್ಟಿ ಗೋಡೆಯ ಮೇಲಷ್ಟೇ ಉಳಿಯುತ್ತದೆ. ಒಬ್ಬಳು ಕುಣಿದಾಡುತ್ತಿದ್ದರೆ, ಇನ್ನೊಬ್ಬ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತೂ ಅನ್ನ ಹಾಕಿಸಿಕೊಳ್ಳುವುದಿಲ್ಲ. ಅಂದು ನೋಹನ ನಾವೆಯ ಮೇಲೆ ರಸಪ್ರಶ್ನೆ ನಡೆಸುವುದು ಕ್ರೌರ್ಯ. ಪ್ರಾರ್ಥನೆಗೂ ಅವಸರ ಬೇಡ. ಮೊದಲು ಆ ಹುಡುಗನಿಂದ ಮನೆಗೆ ಫೋನ್ ಮಾಡಿಸಬೇಕು, ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದೆಂದು ನೆನಪಿಸಬೇಕು, ರಾತ್ರಿ ಅವನ ಮೇಲೊಂದು ಕಣ್ಣಿಡಲು ತಂಡದ ನಾಯಕರಿಗೆ ಹೇಳಬೇಕು. ಸಂಜೆಗೆ ಪೇತ್ರನ ಕಥೆ ಸಾಕು: ಮೂರು ಸಲ ತನ್ನನ್ನು ಅಲ್ಲಗಳೆದವನಿಗೆ ಯೇಸು ಬೈಗುಳದ ಬದಲು ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿಯೊಂದಿಗೆ ಬಡಿಸಿದ ಕಥೆ.

ಇದೆಲ್ಲ ಸೋಮಾರಿತನಕ್ಕೆ ಇಟ್ಟ ಒಳ್ಳೆಯ ಹೆಸರು ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಗಿಟಾರನ್ನೂ ನಾಲ್ಕು ಜೋಕನ್ನೂ ನಂಬಿ ಬರುವವರು ಶಿಬಿರಗಳಿಗೆ ಹೊಸಬರಲ್ಲ. ಆದರೆ ಸ್ಥಳದಲ್ಲೇ ಕಟ್ಟುವ ಮಾತಿಗೆ ತಯಾರಿ ಕಡಿಮೆಯಲ್ಲ, ಹೆಚ್ಚೇ ಬೇಕು. ಬರೆದಿಟ್ಟ ಪ್ರಸಂಗಕ್ಕೆ ಒಂದು ವೇದಭಾಗ ಗಟ್ಟಿಯಾಗಿ ಗೊತ್ತಿದ್ದರೆ ನಡೆದೀತು. ಇಲ್ಲಿ ಹತ್ತಾರು ಕಥೆಗಳು ನಾಲಿಗೆಯ ಮೇಲಿರಬೇಕು, ಯಾವುದು ಯಾರನ್ನು ನೋಯಿಸೀತು ಎಂಬ ಅಂದಾಜೂ ಇರಬೇಕು. ಕುಡಿದು ಹೊಡೆಯುವ ಅಪ್ಪನ ಮನೆಯಿಂದ ಬಂದ ಮಗುವಿಗೆ ತಪ್ಪಿಹೋದ ಮಗನ ಸಾಮ್ಯವನ್ನು ಎಂದಿನ ಧಾಟಿಯಲ್ಲಿ ಹೇಳಲಾಗದು. ಉಪದೇಶ ತೆಳುವಾಗುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಲೂಕನ ಸುವಾರ್ತೆಯ 24ನೇ ಅಧ್ಯಾಯವೇ ಉತ್ತರ. ಎಮ್ಮಾಹುವಿನ ದಾರಿಯಲ್ಲಿ ಯೇಸು ಮೊದಲು ಶಿಷ್ಯರ ಮಾತುಕತೆ ಯಾವುದರ ಬಗ್ಗೆ ಎಂದು ವಿಚಾರಿಸಿದ, ಅವರ ನಿರಾಸೆಯನ್ನು ಪೂರ್ತಿ ಕೇಳಿಸಿಕೊಂಡ, ಆಮೇಲೆ ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳವರೆಗೆ ವಿವರಿಸಿದ. ಶಾಸ್ತ್ರ ಅಲ್ಲಿ ಕಡಿಮೆಯಾಗಲಿಲ್ಲ, ಅದರ ಸರದಿ ಎರಡನೆಯದಾಯಿತು ಅಷ್ಟೆ. ಇಂದು ಅಚ್ಚಾದ ಪುಸ್ತಕ ಹಿಡಿದು ನಡೆಸುವ ನಮ್ಮ ರಜಾ ಬೈಬಲ್ ಶಾಲೆಗೂ (ವಿಬಿಎಸ್) ಇಂಥದೇ ಮೂಲವಿದೆ: 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ರಜೆಯಲ್ಲಿ ಬೀದಿಯಲ್ಲಿ ಅಲೆಯುವ ಮಕ್ಕಳಿಗಾಗಿ ಬಿಯರ್ ಹಾಲೊಂದನ್ನು ಬಾಡಿಗೆಗೆ ಹಿಡಿದು ಬೈಬಲ್ ಶಾಲೆ ನಡೆಸಿದರು.

ಹಾಗೆಂದು ಎಲ್ಲವನ್ನೂ ಆ ಕ್ಷಣಕ್ಕೆ ಬಿಡಲಾಗದು. ಹಾಜರಿ, ಮಲಗುವ ಕೋಣೆಗಳು, ಹೊಳೆಗಿಳಿಯುವ ನಿಯಮ, ಯಾರಿಗೆ ಯಾವ ಮಾತ್ರೆ, ಇವೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಅದಕ್ಕಿಂತ ಮುಖ್ಯ, ಕೇಳಿಸಿಕೊಳ್ಳುವ ದೊಡ್ಡವರು ಸಿಕ್ಕರೆ ಮಕ್ಕಳು ಮನೆಯ ಗುಟ್ಟನ್ನೂ ಹೇಳಿಬಿಡುತ್ತಾರೆ. ಆ ಮಾತು ನಾಲ್ಕು ಜನರಿಗೆ ಕಾಣುವ ಜಾಗದಲ್ಲೇ ನಡೆಯಬೇಕು, ಬಾಗಿಲು ಮುಚ್ಚಿದ ಕೋಣೆಯಲ್ಲಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ; ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098 ಸಭಾಪಾಲಕರ ಫೋನಿನಲ್ಲಿ ಇರಲೇಬೇಕು.

ಸಂಘಟಕರ ಕಷ್ಟ ನನಗೆ ಗೊತ್ತು. ಹಣ ಕಟ್ಟಿದ ಪೋಷಕರಿಗೆ ಕಾರ್ಯಕ್ರಮ ಪಟ್ಟಿ ತೋರಿಸಬೇಕು, ಮೇಲಿನವರಿಗೆ ವರದಿ ಕೊಡಬೇಕು. ಪಟ್ಟಿ ಧಾರಾಳವಾಗಿ ಅಚ್ಚಾಗಲಿ. ಸಂಜೆಯ ಹೊತ್ತು ಬರೆಯಿರಿ, ವಿಷಯದ ಜಾಗ ಖಾಲಿ ಬಿಡಿ. ಮಕ್ಕಳ ಹೆಸರು, ತರಗತಿ, ಊರುಗಳ ಪಟ್ಟಿಯನ್ನು ಸಭಾಪಾಲಕರಿಗೆ ವಾರ ಮೊದಲೇ ಕಳಿಸಿ. ಅವರನ್ನು ಸಂಜೆ ಆರಕ್ಕೆ ಕಾರಿನಲ್ಲಿ ಕರೆತಂದು ಎಂಟಕ್ಕೆ ವಾಪಸ್ ಕಳಿಸುವ ಪದ್ಧತಿ ಮಾತ್ರ ದಯವಿಟ್ಟು ಬಿಡಿ. ಬೆಳಗಿನ ತಿಂಡಿಯ ಹೊತ್ತಿಗೇ ಅವರು ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಲಿ.