ಮಹಾವೀರಾಚಾರ್ಯನೂ ಋಣಸಂಖ್ಯೆಯ ವರ್ಗಮೂಲವೂ

ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ೯ ಬರುತ್ತದೆ? ೩ ಎಂದು ಕೂಡಲೆ ಹೇಳಬಹುದು. –೩ ಎಂಬುದೂ ಸರಿಯಾದ ಉತ್ತರವೇ. ಆದರೆ –೯ ಬರಬೇಕಾದರೆ?

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿತ್ತವನು ಜೈನ ಗಣಿತಜ್ಞನಾದ ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ಅವನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅವನ ನಿರ್ಣಯ.

೧೫೪೫ರಲ್ಲಿ ಇಟಲಿಯ ಕಾರ್ಡಾನೊ, ಮೊತ್ತ ೧೦, ಗುಣಲಬ್ಧ ೪೦ ಆಗುವ ಎರಡು ಸಂಖ್ಯೆಗಳನ್ನು ಅರಸುತ್ತ, ೫ + √–೧೫ ಮತ್ತು ೫ – √–೧೫ ಎಂದು ಬರೆದನು. ೧೫೭೨ರಲ್ಲಿ ಬೊಂಬೆಲ್ಲಿಯು ಇಂತಹ ಸಂಖ್ಯೆಗಳ ಗುಣಾಕಾರಕ್ಕೆ ನಿಯಮಗಳನ್ನು ಕೊಟ್ಟನು. ಹೀಗೆ ಕಾಲ್ಪನಿಕ ಸಂಖ್ಯೆಗಳು ಗಣಿತವನ್ನು ಪ್ರವೇಶಿಸಿದವು.

ಹಾಗಾದರೆ ಮಹಾವೀರನ ಮಾತು ತಪ್ಪೆ? ಅಲ್ಲ. ಧನ, ಋಣ, ಸೊನ್ನೆ ಇವಿಷ್ಟೇ ಇರುವ ವಾಸ್ತವ ಸಂಖ್ಯೆಗಳಲ್ಲಿ ಅದು ಇಂದಿಗೂ ಸತ್ಯ. ಬೇರೆ ಉತ್ತರ ಬೇಕೆಂದರೆ ಸಂಖ್ಯೆಗಳ ಕ್ಷೇತ್ರವನ್ನೇ ಹಿಗ್ಗಿಸಬೇಕು. ವರ್ಗಸಮೀಕರಣದ ಶೋಧಕವು ಋಣವಾದಾಗ 'ವಾಸ್ತವ ಮೂಲಗಳಿಲ್ಲ' ಎಂದು ವಿದ್ಯಾರ್ಥಿಗಳು ಬರೆಯುವುದು ಈ ನಿರ್ಣಯವನ್ನೇ.